ಹತ್ತೊಂಬತ್ತನೆಯ ಸಾಲಿನ ಖಾಲಿ ಜಾಗ

ಸಾಲಗಲ್ಲದಿನ್ನಿ
ಮುಸುಕಿನ ಇನ್ನೂರಾ ಹನ್ನೆರಡನೆಯ ವರ್ಷ, ಯಾವ ತಿಂಗಳಿಗೂ ಸೇರದ ದಿನ

ಹಿಂದಿನ ಹಿರಿಯರಿಗೆ ಅಯ್ಯಾಳಪ್ಪನ ನಮಸ್ಕಾರಗಳು.

ಮೇಲಿನ ತಾರೀಖನ್ನು ಕಂಡು ಈ ಮುದುಕನಿಗೆ ಅರಳುಮರಳು ಎಂದುಕೊಳ್ಳಬೇಡಿ. ನಮ್ಮಲ್ಲಿ ತಿಂಗಳು ಹದಿಮೂರು, ತಿಂಗಳಿಗೆ ದಿನ ಇಪ್ಪತ್ತೆಂಟು. ಎಣಿಸಿ ನೋಡಿದರೆ ವರ್ಷದ ಕೊನೆಗೆ ಒಂದು ದಿನ ಮಿಗುತ್ತದೆ. ಅದನ್ನು ಉಳಿಕೆ ದಿನ ಎನ್ನುತ್ತೇವೆ. ಆ ದಿನ ಹೊಲಕ್ಕೆ ಹೋಗುವುದಿಲ್ಲ, ಬೀಸುವುದಿಲ್ಲ, ಕುಟ್ಟುವುದಿಲ್ಲ. ಆ ವರ್ಷ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಉಳಿದವರು ಕುಳಿತು ಹಿಂದಿನವರಿಗೆ ಒಂದು ಓಲೆ ಬರೆಯಬೇಕು. ಇದಕ್ಕೆ ಹಿಂದೋಲೆ ಎಂದು ಹೆಸರು. ಬರೆದು, ಮಡಚಿ, ಸತ್ತವರ ಕಲ್ಲಿನ ಬುಡದಲ್ಲಿಟ್ಟು ಮಣ್ಣೆಳೆಯುತ್ತೇವೆ. ಅದು ನಿಮಗೆ ಮುಟ್ಟುವುದಿಲ್ಲವೆಂದು ನಮಗೂ ಗೊತ್ತು. ಆದರೆ ನನ್ನ ಹೆಂಡತಿ ಹಂಪವ್ವ ಹೇಳುತ್ತಿದ್ದಳು: "ಆ ಕಲ್ಲಿಟ್ಟೋರ ಸುದ್ದಿ ಮೂರು ಸಾವಿರ ವರ್ಷ ಮುಂದಕ್ಕ ನಡ್ಕೊಂಡು ಬಂದದಲ್ರೀ, ಅಕ್ಷರಾನೇ ಇಲ್ಲದ. ನಿಮ್ದೊಂದು ನಾಕು ಹೆಜ್ಜಿ ಹಿಂದಕ್ಕ ಹೋಗ್ಲಾರದೇನು?" ಆಗ ಅವಳು ತಮಾಷೆಗೆ ಹೇಳಿದ್ದು. ಈಗ ಅವಳಿಗಾಗಿಯೇ ಬರೆಯುತ್ತಿದ್ದೇನೆ, ಅದೂ ಒಂದು ವರ್ಷ ತಡವಾಗಿ.

ಭಾಷೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದವರಿಗೆ ಇಂಗ್ಲಿಷ್ ಇಷ್ಟವಾಗಿತ್ತೆಂದು ಕೇಳಿದ್ದೇನೆ. ನಾನು ಎರಡು ವರ್ಷ ಕಾಲೇಜಿನಲ್ಲಿ ಅದನ್ನು ಓದಿದವನು. ನೀವು ಸಂಸ್ಕೃತ ಓದುತ್ತಿದ್ದಿರಂತಲ್ಲ, ಹಾಗೆಯೇ ಬಾಯಿಪಾಠ, ಮಾತಾಡಲು ಎದುರಿಗೆ ಯಾರೂ ಇಲ್ಲ. ಈಗ ಪೂರ್ತಿಯಾಗಿ ನೆನಪಿರುವುದು ಒಂದು ರಜೆ ಅರ್ಜಿ ಮಾತ್ರ. "ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್" ಎಂದು ಶುರುವಾಗುತ್ತದೆ. ಮುಂದೆ ಜ್ವರದ ವಿಷಯ. ನನಗೆ ಹೇಳಬೇಕಾದದ್ದು ಜ್ವರದ ವಿಷಯವಲ್ಲವಾದ್ದರಿಂದ ಕನ್ನಡದಲ್ಲೇ ಮುಂದುವರಿಯುತ್ತೇನೆ.

ಮೊದಲು ಮುಸುಕಿನ ಮಾತು. ನಿಮ್ಮ ಮೊಮ್ಮಕ್ಕಳೋ ಮರಿಮಕ್ಕಳೋ ಬಿಸಿಲಿನ ಝಳ ತಾಳಲಾರದೆ ಆಕಾಶದ ಮೇಲಂಚಿಗೆ ಸುಣ್ಣದಂಥ ಸಣ್ಣ ಹುಡಿಯನ್ನು ತೂರಿದರು. ಅವರನ್ನು ನಾನು ಬೈಯುವುದಿಲ್ಲ. ಮಕ್ಕಳು ಬೇಯುತ್ತಿರುವಾಗ ಯಾರಾದರೂ ಮಾಡುವ ಕೆಲಸವೇ ಅದು. ಅಂದಿನಿಂದ ನಮ್ಮ ಆಕಾಶ ಹಾಲಿನಲ್ಲಿ ಅದ್ದಿದ ಬಟ್ಟೆಯ ಹಾಗಿದೆ. ಸೂರ್ಯನಿದ್ದಾನೆ, ಆದರೆ ಅರಿವೆಯ ಹಿಂದಿಟ್ಟ ದೀಪದಂತೆ. ಬೆಳಕು ಎಲ್ಲ ಕಡೆಯಿಂದಲೂ ಬರುತ್ತದೆ, ಇಂಥ ಕಡೆಯಿಂದ ಎಂದು ಬೆರಳು ಮಾಡಿ ತೋರಿಸಲಾಗುವುದಿಲ್ಲ. ಒಗೆದ ಬಟ್ಟೆ ಒಣಗಲು ಮೂರು ದಿನ ಬೇಕು. ಹೊಲದಲ್ಲಿ ಸೂರ್ಯಕಾಂತಿ ಹೂಗಳು ಯಾವ ಕಡೆ ತಿರುಗಬೇಕೆಂದು ತಿಳಿಯದೆ ಮುಖ ಮೇಲೆತ್ತಿ ನಿಂತಿರುತ್ತವೆ, ದಾರಿ ಕೇಳುವ ಪರವೂರಿನವರ ಹಾಗೆ. ನಮ್ಮ ಮಕ್ಕಳಿಗೆ ನೆರಳೆಂದರೆ ಮನೆಯೊಳಗಿನ ವಸ್ತು, ದೀಪ ಹಚ್ಚಿದಾಗ ಗೋಡೆಗೆ ಬರುವ ನೆಂಟ. ಬಯಲಿನಲ್ಲಿ ಮನುಷ್ಯನ ಕಾಲಿಗೆ ಅಂಟಿಕೊಂಡು ನೆರಳು ನಡೆಯುತ್ತಿತ್ತು ಎಂದರೆ ನಗುತ್ತವೆ.

ನಕ್ಷತ್ರಗಳ ಮಾತು ಹೇಗೆ ಹೇಳಲಿ? ಹೆಸರುಗಳು ಮಾತ್ರ ಉಳಿದಿವೆ. ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ ಎಂದು ಈಗಲೂ ಹೇಳುತ್ತೇವೆ. ಆರಿದ್ರೆ ಹಿಡಿಯಿತು ಎನ್ನುತ್ತೇವೆ, ಮಘೆ ಕೈಕೊಟ್ಟಿತು ಎನ್ನುತ್ತೇವೆ. ಆದರೆ ರೋಹಿಣಿ ಎಂಬುದು ಮೇಲೆ ಉರಿಯುವ ಒಂದು ಕೆಂಪು ಚುಕ್ಕೆ ಎಂದು ಕಣ್ಣಾರೆ ಕಂಡವರು ನಮ್ಮಲ್ಲಿ ಒಬ್ಬರೂ ಇಲ್ಲ. ನನ್ನ ಅಜ್ಜಿಯ ಅಜ್ಜಿಯೂ ಕಂಡಿರಲಿಲ್ಲ. ಮುಖ ನೋಡದ ಬಂಧುಗಳ ಹೆಸರನ್ನು ಮಕ್ಕಳಿಗೆ ಇಟ್ಟ ಹಾಗೆ ಮಳೆಗಳನ್ನು ಕರೆಯುತ್ತೇವೆ.

ಇನ್ನು ಊರು. ಸಾಲಗಲ್ಲದಿನ್ನಿ ಎರಡು ಹೊಳೆಗಳ ನಡುವಿನ ಬಯಲಿನಲ್ಲಿದೆ. ಊರಿನ ಮೂಡಲಿಗೆ ಕಲ್ಲಿನ ಹೊಲ. ಮೊಣಕಾಲೆತ್ತರದ, ಸೊಂಟದೆತ್ತರದ ಕರಿಗುಂಡುಗಳು, ಸಾಲು ಸಾಲಾಗಿ, ಓರೆಯಾಗಿ, ರಂಗೋಲಿಯ ಚುಕ್ಕಿ ಇಟ್ಟ ಹಾಗೆ. ಒಟ್ಟು ಸಾವಿರದ ಇನ್ನೂರ ಆರು. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಹಂಪವ್ವ ಮೂವತ್ತೊಂದು ವರ್ಷ ಕಲ್ಲೆಣಿಕೆ ಮಾಡಿದವಳು. ಕಲ್ಲೆಣಿಕೆ ಎಂದರೆ ವಾರಕ್ಕೊಮ್ಮೆ ಹೊಲ ಸುತ್ತಿ ಒಂದು ಕಲ್ಲೂ ಕಳುವಾಗಿಲ್ಲವೆಂದು ನೋಡುವ ಕೆಲಸ, ಊರೇ ಒಪ್ಪಿಸಿದ್ದು. ಅದು ಏಕೆ ಬೇಕಾಯಿತೆಂದು ನಿಮಗೆ ಹೇಳಲು ಸಂಕೋಚವಾಗುತ್ತದೆ. ನಿಮ್ಮ ಕಾಲದಲ್ಲಿ ಈ ಕಲ್ಲುಗಳನ್ನು ಗೋಡೆಗೆ, ದಾರಿಗೆ, ದನದ ಗೂಟಕ್ಕೆ ಕಿತ್ತೊಯ್ದಿದ್ದಾರೆ. ಸಾಲುಗಳ ನಡುವೆ ಬಿದ್ದ ಹಲ್ಲಿನ ಹಾಗೆ ಖಾಲಿ ಜಾಗಗಳು ಉಳಿದವು.

ಮುಂದೆ ಹಸಿವಿನ ವರ್ಷಗಳು ಬಂದವು. ಊರಲ್ಲಿ ಹೂಳಲು ಜನವಿಲ್ಲದಷ್ಟು ಜನ ಸತ್ತರಂತೆ. ಆಗ ಹುಟ್ಟಿದ ಒಂದು ಪದ್ಧತಿ ಈಗಲೂ ನಡೆದಿದೆ. ಯಾರಾದರೂ ಸತ್ತರೆ ಅವರ ಹೆಸರಿನಲ್ಲಿ ಒಂದು ಕಲ್ಲು ತಂದು ಹೊಲದ ಖಾಲಿ ಜಾಗವೊಂದರಲ್ಲಿ ನೆಡಬೇಕು. ಸಾಲು ತುಂಬುವುದು ಎನ್ನುತ್ತೇವೆ. ಖಾಲಿ ಬಿಟ್ಟರೆ ಅದು ಅದೇ ಮನೆಯ ಇನ್ನೊಬ್ಬರನ್ನು ಕರೆಯುತ್ತದೆ ಎಂಬ ನಂಬಿಕೆ. ನಗಬೇಡಿ. ಒಂದೇ ವಾರದಲ್ಲಿ ಮೂರು ಮಕ್ಕಳನ್ನು ಕಳೆದುಕೊಂಡವರು ಮಾಡಿಕೊಂಡ ಪದ್ಧತಿ ಅದು.

ಆ ವರ್ಷಗಳಲ್ಲಿ ಇನ್ನೊಂದೂ ಕಳೆದುಹೋಯಿತು, ದಿನಗಳ ಎಣಿಕೆ. ಸಾಯುವವರು ಕ್ಯಾಲೆಂಡರ್ ಹರಿಯುವುದಿಲ್ಲವಲ್ಲ. ಎಲ್ಲ ಸ್ವಲ್ಪ ನೆಟ್ಟಗಾದ ಮೇಲೆ ಮತ್ತೆ ಎಣಿಸಲು ತೊಡಗಿದಾಗ ಮೂರು ಊರಿಗೆ ಮೂರು ತಾರೀಖು. ಕೊನೆಗೆ ದೊಡ್ಡ ಊರಿನವರ ತಾರೀಖನ್ನೇ ಎಲ್ಲರೂ ಒಪ್ಪಿಕೊಂಡರು, ಅವರ ದನಿ ದೊಡ್ಡದಿತ್ತು ಎಂಬ ಕಾರಣಕ್ಕೆ. ಆ ತಾರೀಖು ನೋಡಿ ಬಿತ್ತುತ್ತೇವೆ. ಮಳೆ ಬಾರದೆ ಬೀಜ ಮಣ್ಣಲ್ಲೇ ಕೆಟ್ಟುಹೋಗುತ್ತದೆ. ಮತ್ತೆ ಬಿತ್ತುತ್ತೇವೆ, ಅರ್ಧ ಬೆಳೆಯುತ್ತೇವೆ, ಮಳೆಯನ್ನು ಬೈಯುತ್ತೇವೆ. ನನ್ನ ಅಪ್ಪನೂ ಬೈದ, ನಾನೂ ಬೈದೆ. ಹಂಪವ್ವ ಒಬ್ಬಳೇ ಬೈಯುತ್ತಿರಲಿಲ್ಲ. "ಮಳಿ ತಪ್ಪಿಲ್ಲ, ನಮ್ಮ ಎಣಿಕಿ ತಪ್ಪ್ಯದ," ಎನ್ನುತ್ತಿದ್ದಳು.

ಅವಳಿಗೆ ಈ ಹುಚ್ಚು ಹಿಡಿಸಿದವನು ನಾನೇ. ಮದುವೆಯಾದ ಹೊಸದರಲ್ಲಿ, ಕಾಲೇಜು ಕಂಡ ಗಂಡ ಎಂಬ ಜಂಬ. ಏನ್ಷಿಯಂಟ್ ಸಿವಿಲೈಸೇಶನ್ಸ್ ಎಂಬ ಒಂದು ಪಾಠವಿತ್ತು. ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ಎದುರು ಕುಳಿತು ಒದರುತ್ತಿದ್ದೆ. ಈಜಿಪ್ಟಿನವರು ಹೊಳೆಯುವ ಒಂದು ನಕ್ಷತ್ರ ಸೂರ್ಯನಿಗಿಂತ ತುಸು ಮುಂಚೆ ಮೂಡಿದ್ದನ್ನು ಕಂಡು ನದಿಗೆ ನೆರೆ ಬರುವ ಕಾಲವಾಯಿತೆಂದು ತಿಳಿಯುತ್ತಿದ್ದರು. ಬ್ಯಾಬಿಲೋನಿನವರು ಹಸಿಮಣ್ಣಿನ ಹಲಗೆಗಳ ಮೇಲೆ ಗ್ರಹಣಗಳನ್ನು ಗೀಚಿ ಗೀಚಿ, ಹದಿನೆಂಟು ವರ್ಷ ಚಿಲ್ಲರೆಗೆ ಅವು ಮರಳುತ್ತವೆಂದು ಹಿಡಿದರು. ನಮ್ಮ ನಾಡಿನವರು ನೆಲಕ್ಕೆ ಒಂದು ಗೂಟ ನೆಟ್ಟು, ಅದರ ನೆರಳಿನಿಂದಲೇ ದಿಕ್ಕು ಕಂಡುಕೊಂಡರು. ಅವಳು ರೊಟ್ಟಿ ತಿರುವಿಹಾಕಿ ಕೇಳಿದಳು: "ಅವ್ರೆಲ್ಲಾ ಬರ್ದಿಟ್ರು, ಹೇಳಿಟ್ರು, ಖರೆ. ನಮ್ಮ ಹೊಲದಾಗ ಕಲ್ಲಿಟ್ಟೋರು ಒಂದಕ್ಷರ ಬರೀಲಿಲ್ಲಲ್ರೀ. ಅವ್ರಿಗೇನು ಗೊತ್ತಿತ್ತು?"

ಆ ಪಾಠ ನನ್ನ ಕಾಲೇಜಿನಲ್ಲಿ ಇರಲಿಲ್ಲ. ಅವಳು ಹುಡುಕಲು ಹೊರಟಳು.

ಮೂವತ್ತೊಂದು ವರ್ಷ. ಗಂಟು ಹಾಕಿದ ಹಗ್ಗ ಹಿಡಿದು ಸಾಲು ಸಾಲು ಅಳೆದಳು. ಖಾಲಿ ಜಾಗಗಳ ಅಂಚಿನಲ್ಲಷ್ಟೇ ಮೊಳದಾಳ ಅಗೆದು ನೋಡಿದಳು. ಕಲ್ಲು ನೆಡುವಾಗ ಅಲುಗಾಡದಂತೆ ಸುತ್ತ ಸಣ್ಣ ಚಕ್ಕೆಗಳನ್ನು ಬಿಗಿಯುತ್ತಾರೆ. ಕಲ್ಲು ಹೋದರೂ ಚಕ್ಕೆ ಮಣ್ಣಲ್ಲಿ ಉಳಿಯುತ್ತವೆ. ಹಾಗೆ ಚಕ್ಕೆ ಸಿಕ್ಕ ಕಡೆಯೆಲ್ಲ, ಇಲ್ಲಿ ಮೊದಲು ಕಲ್ಲಿತ್ತು, ನೀವು ತುಂಬಬಹುದು, ಎನ್ನುತ್ತಿದ್ದಳು. ಹತ್ತೊಂಬತ್ತನೆಯ ಸಾಲಿನ ಒಂದು ಖಾಲಿ ಜಾಗದಲ್ಲಿ ಮಾತ್ರ ಯಾರನ್ನೂ ಕಲ್ಲು ಹಾಕಲು ಬಿಡುತ್ತಿರಲಿಲ್ಲ. ಸತ್ತವರ ಮನೆಯವರು ಆ ಕಡೆ ನಡೆದರೆ ಅವಳು ನೀರಿನ ತಂಬಿಗೆ ಹಿಡಿದುಕೊಂಡು ಹೋಗಿ ಅಲ್ಲೇ ಕುಳಿತುಬಿಡುತ್ತಿದ್ದಳು. ಅಳುತ್ತಿರುವವರ ಹತ್ತಿರ ವಾದ ಮಾಡಲಾದೀತೇ? ಸುಮ್ಮನೆ ಕೂರುವುದು, ಅಷ್ಟೇ. ಊರಿಗೆ ಇದು ಗೊತ್ತಾಯಿತು. ಹಂಪವ್ವ ತನಗೆಂದು ಆ ಜಾಗ ಕಾದಿಟ್ಟುಕೊಂಡಿದ್ದಾಳೆ ಎಂದು ಎಲ್ಲರೂ ಅಂದುಕೊಂಡರು. ಮುಂದೆ ಯಾರೂ ಆ ಕಡೆ ಹೋಗಲಿಲ್ಲ.

ನಾನೂ ಹಾಗೆಯೇ ಅಂದುಕೊಂಡೆ. ಇಲ್ಲಿಯೇ ನನ್ನ ತಪ್ಪಿರುವುದು, ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಊರವರಿಗೆ ಅವಳು ಹೇಳಿರಲಿಲ್ಲ, ನನಗೆ ಹೇಳಿದ್ದಳು. ಒಂದಲ್ಲ, ನೂರು ಸಲ. ರೊಟ್ಟಿ ಬಡಿಯುವಾಗ, ಕಾಳು ಆರಿಸುವಾಗ, ನನ್ನ ಬೆನ್ನಿಗೆ ಎಣ್ಣೆ ತಿಕ್ಕುವಾಗ. ನಾನು ಹ್ಞೂಂ ಎನ್ನುತ್ತಿದ್ದೆ. ನಾನು ಮಾತಾಡುವವನು, ಈ ಓಲೆ ನೋಡಿದರೇ ನಿಮಗೆ ತಿಳಿಯುತ್ತದೆ. ಅವಳ ಮಾತು ಮುಗಿದರೆ ನನ್ನದು ಶುರು ಮಾಡೋಣವೆಂದು ಕಾಯುತ್ತಾ ಹ್ಞೂಂಗುಟ್ಟುವವನು. ಒಮ್ಮೆ ಅವಳು ಕೈ ನಿಲ್ಲಿಸಿ, "ಈಗ ನಾ ಏನ್ ಹೇಳ್ದೆ, ಹೇಳ್ರಿ ನೋಡೋಣ," ಎಂದಳು. "ಹತ್ತೊಂಬತ್ತನೇ ಸಾಲು," ಎಂದೆ. "ಹೌದ್ರಿ, ಅಂಕಿ ಅಷ್ಟೇ ನೆನಪಿಟ್ಟೀರಿ. ಕಾಲೇಜಿನ್ಯಾಗ ಹಿಂಗೇ ಪಾಸಾದ್ರೇನು?" ಎಂದು ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಆ ಗುದ್ದು ಬೇಕಾಗಿದೆ ಈಗ ನನಗೆ.

ಹೋದ ವರ್ಷ ಎರಡನೆಯ ತಿಂಗಳಲ್ಲಿ ಅವಳು ಹೋದಳು. ಮೂರು ದಿನ ಎದೆನೋವು, ನಾಲ್ಕನೆಯ ದಿನ ಇಲ್ಲ. ಅವಳಿಗಾಗಿ ಚೆಂದದ ಒಂದು ಕಲ್ಲು ಹುಡುಕಿದೆ, ಉದ್ದಕ್ಕೆ, ನುಣ್ಣಗೆ, ಅವಳ ಬೆನ್ನಿನಷ್ಟು ನೆಟ್ಟಗೆ. ಅವಳ ತಮ್ಮ ಗದ್ದೆಪ್ಪ ಹಾರೆ ಹಿಡಿದು ಬಂದ. ಹತ್ತೊಂಬತ್ತನೆಯ ಸಾಲಿನ ಆ ಜಾಗದಲ್ಲಿ ಹಾರೆ ಹಾಕಿದರೆ ಟಣ್ ಎಂದು ಮರಳಿ ನೆಗೆಯಿತು. ಗದ್ದೆಪ್ಪ ಬೆವರೊರೆಸಿಕೊಂಡು ಹೇಳಿದ: "ಮಾಮಾ, ಇದು ಗಟ್ಟಿ ಗರಸು ಮಣ್ಣು. ಒಂದು ಚಕ್ಕಿ ಸೈತ ಇಲ್ಲ. ಭೂಮಿ ಹುಟ್ಟಿದಾಗಿಂದ ಇಲ್ಲಿ ಯಾರೂ ಕೈ ಹಚ್ಚಿಲ್ಲ ನೋಡು." ನಾನು ಏನು ಹೇಳಬೇಕಿತ್ತು? ನೂರು ಸಲ ಕೇಳಿದ ಮಾತು ಆ ಕ್ಷಣದಲ್ಲಾದರೂ ನೆನಪಾಗಬೇಕಿತ್ತು. "ನಿಮ್ಮಕ್ಕ ಕಾದಿಟ್ಟ ಜಾಗ, ಅಗಿ," ಎಂದೆ. ಅವನು ಅಗೆದ. ಇಡೀ ದಿನ ಬೇಕಾಯಿತು. ಕಲ್ಲು ನಿಂತಿತು. ಅರಿಶಿನ ಹಚ್ಚಿ, ನೀರು ಹಾಕಿ, ಸಾಲು ತುಂಬಿತು ಎಂದು ಕೈಮುಗಿದು ಮನೆಗೆ ಬಂದು ಒಬ್ಬನೇ ಉಂಡೆ.

ಅಂದಿನಿಂದ ದಿನಾ ಬೆಳಗಾಗುವ ಹೊತ್ತಿಗೆ ಅವಳ ತಂಬಿಗೆ ಹಿಡಿದು ಹೊಲಕ್ಕೆ ಹೋಗುವುದು ರೂಢಿಯಾಯಿತು. ಹೊಲದ ಪಡುವಲಂಚಿನಲ್ಲಿ ನೆಲಮಟ್ಟಕ್ಕೆ ಹುಗಿದ ಮೂರು ಸಣ್ಣ ಕಲ್ಲುಗಳಿವೆ, ಒಲೆಗುಂಡಿನ ಹಾಗೆ. ಅವಳು ಬೆಳಗ್ಗೆ ಅಲ್ಲಿ ನಿಲ್ಲುತ್ತಿದ್ದಳು. ಏಕೆಂದು ನಾನು ಕೇಳಿರಲಿಲ್ಲ. ಅವಳು ನಿಲ್ಲುತ್ತಿದ್ದ ಕಡೆ ನಾನೂ ನಿಲ್ಲುತ್ತಿದ್ದೆ, ಅಷ್ಟೇ.

ಈ ವರ್ಷ ನಾಲ್ಕನೆಯ ತಿಂಗಳಲ್ಲಿ ಮುಸುಕು ಹರಿಯಿತು. ಹುಡಿ ತೂರುವುದು ನಿಂತು ಎಷ್ಟೋ ಕಾಲವಾಯಿತು. ಅದು ನಿಧಾನವಾಗಿ ಇಳಿಯುತ್ತಿದೆ ಎಂಬ ಸುದ್ದಿ ಇತ್ತು, ನಾವು ನಂಬಿರಲಿಲ್ಲ. ಅಂದು ಬೆಳಗ್ಗೆ ಮೂಡಲಿನ ಅಂಚಿನಲ್ಲಿ, ಹಳೆಯ ಸೀರೆ ಮಡಿಕೆಯಲ್ಲಿ ಪಿಸಿದು ಹರಿದ ಹಾಗೆ, ಒಂದು ಸೀಳು ಕಂಡಿತು. ಅದರೊಳಗೆ ಒಂದು ಬಣ್ಣ. ಆ ಬಣ್ಣಕ್ಕೆ ನಮ್ಮಲ್ಲಿ ಹೆಸರಿಲ್ಲ. ನಿಮ್ಮಲ್ಲಿ ಇರಬೇಕು. ಊರಿಗೆ ಊರೇ ಹೊರಗೆ ಬಂತು. ಆಮೇಲೆ ಸೂರ್ಯ ಬಂದ. ದುಂಡಗೆ, ಅಂಚು ಕತ್ತರಿಸಿದ ಹಾಗೆ. ನಾನು ಮೂರು ಕಲ್ಲುಗಳ ನಡುವೆ ನಿಂತಿದ್ದೆ. ಅವನು ಎದ್ದದ್ದು ಸರಿಯಾಗಿ ಹಂಪವ್ವನ ಕಲ್ಲಿನ ಬೆನ್ನಿಗೆ.

ಊರ ಹಿರಿಯಳು ದ್ಯಾಮವ್ವ ಎರಡೂ ಕೈ ಎತ್ತಿ ಕೂಗಿದಳು: "ಸೂರ್ಯಪ್ಪ ತಾನಾಗೇ ಬಂದು ಹಂಪವ್ವಗ ಕೈಮುಗಿದ ನೋಡ್ರೆವ್ವಾ!" ಹೆಂಗಸರು ಓಡಿಹೋಗಿ ಕಲ್ಲಿಗೆ ಕುಂಕುಮ ಹಚ್ಚಿದರು, ಇದ್ದ ಹೂ ಏರಿಸಿದರು. ಎಲ್ಲರೂ ಅಳುತ್ತಿದ್ದರು, ನಗುತ್ತಿದ್ದರು. ನಾನು ಒಬ್ಬನೇ ಅಲ್ಲಾಡದೆ ನಿಂತಿದ್ದೆ. ಆ ಕಲ್ಲಿನಿಂದ ನನ್ನವರೆಗೆ ಸಾಲುಗಳ ನಡುವೆ ಒಂದು ಕಿರುದಾರಿ ಇದೆ, ಒಂದು ಕಲ್ಲೂ ಅಡ್ಡ ಬರದ ದಾರಿ. ಆ ದಾರಿಯುದ್ದಕ್ಕೂ ಕರ್ರಗೆ ಒಂದು ಪಟ್ಟಿ ಹರಿದು ಬಂದು ನನ್ನ ಎದೆಗೆ ತಾಗಿ ನಿಂತಿತು. ಬಯಲಿನಲ್ಲಿ ನಾನು ಕಂಡ ಮೊದಲ ನೆರಳು ಅದು. ನನ್ನ ಹೆಂಡತಿಯ ಕಲ್ಲಿನದು. ಎಡಕ್ಕೆ ಬೆಳಕು, ಬಲಕ್ಕೆ ಬೆಳಕು, ನಾನು ನಿಂತಲ್ಲಿ ಮಾತ್ರ ಕತ್ತಲೆ. ಆಗ ನೆನಪಾಯಿತು. ನೂರು ಸಲದ್ದೂ ಒಟ್ಟಿಗೆ ನೆನಪಾಯಿತು.

ಮನೆಗೆ ಹೋಗಿ, ಅವಳು ಕಲ್ಲೆಣಿಕೆ ಬರೆದಿಡುತ್ತಿದ್ದ ಪುಸ್ತಕ ತೆರೆದೆ. ಒಂದು ವರ್ಷ ಅದನ್ನು ಮುಟ್ಟಲು ಧೈರ್ಯವಾಗಿರಲಿಲ್ಲ. ದುಂಡು ಅಕ್ಷರದಲ್ಲಿ ಬರೆದಿದ್ದಳು: ಹತ್ತೊಂಬತ್ತನೇ ಸಾಲಿನ ಖಾಲಿ ಜಾಗದಲ್ಲಿ ಚಕ್ಕೆ ಇಲ್ಲ. ಅಲ್ಲಿ ಎಂದೂ ಕಲ್ಲು ಇರಲಿಲ್ಲ. ಬೇಕೆಂದೇ ಬಿಟ್ಟಿದ್ದಾರೆ. ಸೂರ್ಯ ಬಡಗಣಕ್ಕೆ ಸರಿಯುತ್ತಾ ಸರಿಯುತ್ತಾ ಒಂದು ಕಡೆ ನಿಲ್ಲುತ್ತಾನೆ. ಕೆಲವು ದಿನ ಅಲ್ಲೇ ಹುಟ್ಟಿ ಹಿಂದಿರುಗುತ್ತಾನೆ. ಅವನು ನಿಲ್ಲುವ ಕಡೆ ಇದೇ ಇರಬೇಕು. ಅದು ಆರಿದ್ರೆಯ ಹೊತ್ತು, ತೊಗರಿ ಬಿತ್ತುವ ಹೊತ್ತು. ಎಂದಾದರೂ ಮುಸುಕು ಸರಿದರೆ ಮೂರು ಕಲ್ಲಿನಲ್ಲಿ ನಿಂತು ನೋಡಬೇಕು. ನಮ್ಮ ಎಣಿಕೆ ಎಷ್ಟು ದಿನ ತಪ್ಪಿದೆ ಎಂದು ಕಲ್ಲಿಟ್ಟವರೇ ಹೇಳುತ್ತಾರೆ.

ಸೋಲ್‌ಸ್ಟಿಸ್. ಮೇಷ್ಟರು ಹೇಳಿದ್ದ ಪದ. ಸೂರ್ಯ ನಿಲ್ಲುವುದು ಎಂದು ಅರ್ಥವಂತೆ. ಪದ ನನ್ನ ಹತ್ತಿರವಿತ್ತು, ಜಾಗ ಅವಳ ಹತ್ತಿರವಿತ್ತು. ಒಂದೇ ಮನೆಯಲ್ಲಿ ಮೂವತ್ತೊಂದು ವರ್ಷ ಇವೆರಡೂ ಭೇಟಿಯಾಗಲಿಲ್ಲ. ನಮ್ಮ ತಾರೀಖಿನ ಆರಿದ್ರೆ ಕಳೆದು ಅಂದಿಗೆ ಎಷ್ಟು ದಿನವಾಗಿತ್ತೆಂದು ಲೆಕ್ಕ ಹಾಕಿದೆ. ನಮ್ಮ ಎಣಿಕೆ ಮೂವತ್ತೆಂಟು ದಿನ ಮುಂದೆ ಓಡುತ್ತಿತ್ತು. ಮೂವತ್ತೆಂಟು ದಿನ ಮೊದಲೇ ಬಿತ್ತಿ, ಬೀಜ ಕೆಡಿಸಿಕೊಂಡು, ಇಷ್ಟು ತಲೆಮಾರು ಮಳೆಯನ್ನು ಬೈದಿದ್ದೇವೆ. ಆ ಕಲ್ಲಿಟ್ಟವರಿಗೆ ಏನು ಗೊತ್ತಿತ್ತೆಂದು ಅವಳು ಕೇಳಿದ್ದಳಲ್ಲ. ಯಾವುದನ್ನು ತುಂಬಬಾರದು ಎಂಬುದು ಗೊತ್ತಿತ್ತು. ಸಾವಿರ ಕಲ್ಲು ಹೊತ್ತವರಿಗೆ ಇನ್ನೊಂದು ಹೊರುವುದು ಕಷ್ಟವಿರಲಿಲ್ಲ. ಅವರು ಹೊರಲಿಲ್ಲ.

ಕಲ್ಲು ತೆಗೆಯಬೇಕೆಂದು ಊರ ಕಟ್ಟೆಯಲ್ಲಿ ಹೇಳಿದೆ. ಗದ್ದಲವೆದ್ದಿತು. ಅಷ್ಟು ಹೊತ್ತಿಗೆ ಕಲ್ಲಿಗೆ ದಿನಾ ಪೂಜೆ ನಡೆಯುತ್ತಿತ್ತು. ದ್ಯಾಮವ್ವ ಕೋಲು ಕುಟ್ಟಿದಳು: "ನಿಂತ ಕಲ್ಲು ಕೀಳಬಾರ್ದು ಅಯ್ಯಾಳಪ್ಪ. ಅದೇ ಮನ್ಯಾಗ ಇನ್ನೊಂದು ಹೆಣ ಬೀಳ್ತದ."

"ಮನ್ಯಾಗ ಉಳಿದಾವ ನಾನೊಬ್ನೇ ಅಕ್ಕಾ. ಬಿದ್ರ ಬೀಳ್ಲಿ."

"ಸೂರ್ಯಪ್ಪನೇ ಒಪ್ಪಿದ ಕಲ್ಲು ಅದು!"

"ಒಪ್ಪಿಲ್ಲಕ್ಕಾ, ದಾರಿ ಬಿಡು ಅಂತ ನಿಂತಿದ್ದ. ಅಡ್ಡ ನಿಲ್ಸಿದಾವ ನಾನು."

ಅವಳ ಪುಸ್ತಕ ಓದಿ ಹೇಳಿದೆ. ಅವರು ನಂಬಿದರೋ ಇಲ್ಲವೋ ತಿಳಿಯದು. ಕೊನೆಗೆ ದ್ಯಾಮವ್ವ, "ಆಕಿ ಅಲ್ಲಿ ಕುಂತಿದ್ದು ತನಗಲ್ಲೇನಪಾ ಹಂಗಾದ್ರ?" ಎಂದಳು. ಅಲ್ಲ ಎಂದೆ. "ನನ್ನ ಮಗನ ಕಲ್ಲು ಹಾಕಾಕ ಹೋದಾಗ ಬಿಡ್ಲಿಲ್ಲ ಆಕಿ. ಹನ್ನೆರಡು ವರ್ಷ ಆಕಿ ಮ್ಯಾಲ ಸಿಟ್ಟಿಟ್ಕೊಂಡಿದ್ದೆ," ಎಂದು ಎದ್ದು ಹೋದಳು. ಬೇಡ ಎನ್ನಲಿಲ್ಲ.

ಇಂದು ಬೆಳಗ್ಗೆ ಗದ್ದೆಪ್ಪನೂ ನಾನೂ ಹೋದೆವು. ಉಳಿಕೆ ದಿನ ಕೆಲಸ ಮಾಡಬಾರದು. ಆದರೆ ಇದು ಕೆಲಸವಲ್ಲ, ಕ್ಷಮೆ ಕೇಳುವುದು ಎಂದು ನಾನೇ ತೀರ್ಮಾನಿಸಿದೆ. "ಅವತ್ತೇ ಹೇಳಿದ್ನಲ್ಲ ಮಾಮಾ, ಗರಸು ಅಂತ," ಎಂದು ಗದ್ದೆಪ್ಪ ಒಂದೇ ಒಂದು ಸಲ ಅಂದ. ಅವನ ದೊಡ್ಡತನ, ಎರಡನೆಯ ಸಲ ಅನ್ನಲಿಲ್ಲ. ಕಲ್ಲು ಮೇಲೆದ್ದಾಗ ಬುಡದ ಮಣ್ಣು ಒದ್ದೆಯಾಗಿತ್ತು, ನಾನು ದಿನಾ ಹಾಕಿದ ತಂಬಿಗೆ ನೀರು. ತೆಗೆದ ಗರಸನ್ನೇ ಗುಂಡಿಗೆ ತುಂಬಿ ತುಳಿದೆವು. ಅವಳ ಕಲ್ಲನ್ನು ದಬ್ಬಿ, ಉರುಳಿಸಿ, ನಡುನಡುವೆ ಅದರ ಮೇಲೆಯೇ ಕುಳಿತು ಸುಧಾರಿಸಿಕೊಂಡು, ಪಡುವಲಂಚಿನ ಮೂರು ಕಲ್ಲಿನ ಹತ್ತಿರ ತಂದು ಅಡ್ಡ ಮಲಗಿಸಿದೆವು. ಈಗ ಅದು ಕೂರುವ ಕಲ್ಲು. ಮುಂದೆ ಯಾರು ಸೂರ್ಯನನ್ನು ನೋಡಲು ಬಂದರೂ ಅವಳ ಮೇಲೆ ಕುಳಿತೇ ನೋಡಬೇಕು. ನಾನು ಕುಳಿತು ನೋಡಿದೆ. ಹತ್ತೊಂಬತ್ತನೆಯ ಸಾಲಿನಲ್ಲಿ ಖಾಲಿ ಜಾಗ. ಅದರಾಚೆ ಹಾಲಿನಂಥ ಆಕಾಶ. ಮುಸುಕು ಅಂದೇ ಮಧ್ಯಾಹ್ನ ಮುಚ್ಚಿಕೊಂಡದ್ದು ಮತ್ತೆ ತೆರೆದಿಲ್ಲ. ನನ್ನ ಕಾಲದಲ್ಲಿ ಇನ್ನೊಮ್ಮೆ ತೆರೆಯುತ್ತದೆಂಬ ಭರವಸೆ ನನಗಿಲ್ಲ. ಎದೆಯಲ್ಲಿ ಈಗ ನನಗೂ ಸಣ್ಣಗೆ ನೋವು.

ತೊಗರಿಯನ್ನು ಬರುವ ವರ್ಷ ಮೂವತ್ತೆಂಟು ದಿನ ತಡೆದು ಬಿತ್ತೋಣವೆಂದು ಊರು ಒಪ್ಪಿದೆ. ಅಷ್ಟಾಯಿತು.

ಈಗ ನನ್ನ ಅರ್ಜಿ. ನಿಮ್ಮ ಮೇಲೆ ಆಕಾಶ ಇನ್ನೂ ತೆರೆದಿದೆ. ನಿಮ್ಮ ಹೊಲದ ಅಂಚಿನಲ್ಲಿ, ದಾರಿಯ ಬದಿಯಲ್ಲಿ ಇಂಥ ಸಾಲುಗಲ್ಲುಗಳಿದ್ದರೆ ಕೀಳಬೇಡಿ. ಖಾಲಿ ಜಾಗವಿದ್ದರೆ ಚೆಂದಕ್ಕೆಂದು ತುಂಬಲೂ ಬೇಡಿ. ವರ್ಷದಲ್ಲಿ ಹಗಲು ಅತ್ಯಂತ ಉದ್ದವಾದ ದಿನ, ಆರಿದ್ರೆಯ ಹೊತ್ತಿಗೆ, ಬೆಳಗಿನ ಜಾವ ಎದ್ದು ಒಮ್ಮೆ ಅಲ್ಲಿಗೆ ಹೋಗಿ. ಮೂರು ಕಲ್ಲು ಹುಡುಕಿ. ಕೂರುವ ಕಲ್ಲು ನಿಮ್ಮ ಕಾಲದಲ್ಲಿ ಇರುವುದಿಲ್ಲ, ನೆಲದ ಮೇಲೆ ಕುಳಿತುಕೊಳ್ಳಿ. ಜೊತೆಗೆ ಬಂದವರು ಏನಾದರೂ ಹೇಳುತ್ತಿದ್ದರೆ ಹ್ಞೂಂ ಎಂದು ಸುಮ್ಮನಾಗಬೇಡಿ, ಏನೆಂದಿರಿ ಎಂದು ತಿರುಗಿ ಕೇಳಿ. ಸೂರ್ಯ ಆ ಖಾಲಿ ಜಾಗದಲ್ಲಿ ಮೂಡಿ, ಬೆಳಕು ಆ ಕಿರುದಾರಿಯಲ್ಲಿ ನಡೆದು ನಿಮ್ಮ ಎದೆಯವರೆಗೆ ಬಂದಾಗ, ದಯಮಾಡಿ ಬಾಯಿಬಿಟ್ಟು ಒಂದು ಮಾತು ಹೇಳಿ: "ಹಂಪವ್ವ, ನೀ ಹೇಳಿದ್ದು ಖರೆ ಅದ."

ನಿಮಗೆ ಅವಳು ಇನ್ನೂ ಹುಟ್ಟಿಲ್ಲ. ನನಗೆ ಹೋಗಿಬಿಟ್ಟಿದ್ದಾಳೆ. ಆ ಮಾತನ್ನು ಅವಳು ಇರುವಾಗ ಹೇಳಬೇಕಾಗಿದ್ದವನು ನಾನು.

ತಮ್ಮ ವಿಧೇಯ,
ಅಯ್ಯಾಳಪ್ಪ